ಐದು ಪಟ್ಟಿ, ಒಂದು ಹೆಸರು

ಊಟದ ಮೇಜು ಆಚೆಗೂ ಹೋಗದೆ ಈಚೆಗೂ ಬರದೆ ಬಾಗಿಲಲ್ಲಿ ಸಿಕ್ಕಿಕೊಂಡು ನಿಂತುಬಿಟ್ಟಿತು. ಮೂರು ಜನ ಮೂರು ಕಡೆಗೆ ಎಳೆದರೆ ಇನ್ನೇನಾದೀತು.

"ನಿಮ್ಮ ಕಡೆ ಎತ್ತಿ ಸಾರ್. ಕಾಲು ಮೊದಲು ಬರ್ಬೇಕು."

"ಕಾಲು ಮೊದಲು ಬಂದ್ರೆ ಹಲಗೆ ಗೋಡೆಗೆ ತಾಗುತ್ತೆ. ಅಡ್ಡ ಮಲಗ್ಸಿ ಮೊದ್ಲು."

"ನಮ್ಮಲ್ಲಿ ಹೀಗೆಲ್ಲ ಮಾಡಲ್ಲಪ್ಪ," ಎಂದರು ಮೂರನೆಯವರು.

ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಮನುಷ್ಯ ನಾಲ್ಕು ವರ್ಷ ಕೇಳಿ ಕೇಳಿ ಸವೆದದ್ದು ಇದೇ ಮಾತನ್ನು. ಈಗಲೂ ಬಿಡಲಿಲ್ಲವಲ್ಲ ಇವರು, ಎಂದುಕೊಂಡಳು ಮೆಟ್ಟಿಲ ಬಳಿ ಕುರ್ಚಿ ಜೋಡಿಸುತ್ತಿದ್ದ ಅವಸರಮ್ಮ.

ಮೇಜು ಹಿಡಿದಿದ್ದ ಮೂವರೂ ಒಂದೇ ಸಂಸ್ಥೆಯ ಬೇರೆ ಬೇರೆ ಆಸ್ಪತ್ರೆಗಳ ಕಂಪ್ಯೂಟರ್ ಕೋಣೆಗಳ ಮುಖ್ಯಸ್ಥರು. ಒಬ್ಬರನ್ನೊಬ್ಬರು ಆಸ್ಪತ್ರೆಯ ಹೆಸರಿನಿಂದಲೇ ಕರೆಯುವುದು ಅವರಲ್ಲಿ ರೂಢಿ: ಕಣ್ಣಿನವರು, ಮೂಳೆಯವರು, ಹೆರಿಗೆಯವರು. ಹೆರಿಗೆಯವರು ಆರಡಿ ಎತ್ತರದ, ದಪ್ಪ ಮೀಸೆಯ ಗಂಡಸು. ಹೊಸಬರು ಮುಸಿಮುಸಿ ನಗುತ್ತಿದ್ದರು, ಆಮೇಲೆ ಅಭ್ಯಾಸವಾಗುತ್ತಿತ್ತು. ನಾಲ್ಕನೆಯವರು ಮಕ್ಕಳ ಆಸ್ಪತ್ರೆಯ ಮೇಡಂ, ಒಳಗೆ ಲೋಟ ಎಣಿಸುತ್ತಿದ್ದರು. ಐದನೆಯವರೇ ಈಗ ಬಿಳಿ ಬಟ್ಟೆಯ ಕೆಳಗೆ ಇದ್ದದ್ದು. ದೊಡ್ಡಾಸ್ಪತ್ರೆಯವರು. ಮೊನ್ನೆ ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತ ಬಿಡುತ್ತ ಬಾಗಿಲಲ್ಲೇ ಕುಸಿದರು. ಐವತ್ತೆಂಟು ವರ್ಷ.

ಐದೂ ಆಸ್ಪತ್ರೆಗಳ ಕಂಪ್ಯೂಟರುಗಳನ್ನು ಒಂದೇ ವ್ಯವಸ್ಥೆಯ ಕೆಳಗೆ ತರುವ ಕೆಲಸ ಅವರದಾಗಿತ್ತು. ಒಂದು ಕಡೆ ರೋಗಿಯ ಹೆಸರು ಮೊದಲು, ಇನ್ನೊಂದು ಕಡೆ ಅಪ್ಪನ ಹೆಸರು ಮೊದಲು. ಒಂದು ಕಡೆ ನರ್ಸುಗಳಿಗೆ ನಂಬರು, ಇನ್ನೊಂದು ಕಡೆ ಬರೀ ಅಡ್ಡಹೆಸರು. ಆರು ತಿಂಗಳಲ್ಲಿ ಮುಗಿಸಿ ಎಂದಿದ್ದರು ಆಡಳಿತದವರು. ಇವರು ನಾಲ್ಕು ವರ್ಷ ತೆಗೆದುಕೊಂಡರು. ಅದಕ್ಕೇ ನಿಧಾನಪ್ಪ ಎಂಬ ಹೆಸರು ಬಂತು, ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಕೊನೆಗೆ ಅವರೇ ಫೋನ್ ಎತ್ತಿ "ನಿಧಾನಪ್ಪ ಮಾತಾಡ್ತಿರೋದು" ಎನ್ನುತ್ತಿದ್ದರು. ಕೈಕೆಳಗೆ ಕೆಲಸಕ್ಕೆ ಸೇರಿದ ಹೆಂಗಸಿಗೆ ಒಂದೇ ವಾರದಲ್ಲಿ ಅವಸರಮ್ಮ ಎಂದು ಹೆಸರಿಟ್ಟು, ತಮಗೆ ಹೆಸರಿಟ್ಟ ಲೋಕದ ಮೇಲೆ ಸೇಡು ತೀರಿಸಿಕೊಂಡರು.

"ಕಾಲು ಬಿಚ್ಕೊಳ್ಳುತ್ತೆ ಅದು," ಎಂದರು ನಿಧಾನಪ್ಪನವರ ಹೆಂಡತಿ, ಅಡುಗೆಮನೆಯಿಂದ ಇಣುಕಿ. "ತಿರುಪು ಇದೆ ನೋಡಿ ಕೆಳಗೆ."

ಮೂವರೂ ಮೇಜಿನ ಕೆಳಗೆ ಬಗ್ಗಿದರು. ಅಷ್ಟರಲ್ಲಿ ಕಣ್ಣಿನವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅವರು ಮಾತು ಮುಗಿಸುವ ಮೊದಲೇ ಹೆರಿಗೆಯವರದು. ಒಳಗಿನಿಂದ ಮೇಡಂ ಲೋಟ ಹಿಡಿದುಕೊಂಡೇ ಬಂದರು.

"ಬೆಳಿಗ್ಗೆ ಕಳಿಸಿದ ರಕ್ತದ ರಿಪೋರ್ಟು ಒಂದೂ ಬಂದಿಲ್ವಂತೆ ನಮ್ಮ ವಾರ್ಡಿಗೆ. ನಿಮಗೆ ಬಂದಿದ್ಯಾ?"

"ಇಲ್ಲ. ನಮ್ಮವರೂ ಅದಕ್ಕೇ ಫೋನ್ ಮಾಡಿದ್ದು."

ಐದೂ ಆಸ್ಪತ್ರೆಗಳ ರಕ್ತ ಪರೀಕ್ಷೆ ನಡೆಯುವುದು ದೊಡ್ಡಾಸ್ಪತ್ರೆಯ ಪ್ರಯೋಗಾಲಯದಲ್ಲಿ. ಅಲ್ಲಿಂದ ಉಳಿದ ನಾಲ್ಕಕ್ಕೂ ನಾಲ್ಕು ಕೊಂಡಿ. ಫಲಿತಾಂಶ ಅದರ ಮೇಲೆ ತಾನೇ ಓಡುತ್ತದೆ. ನಾಲ್ಕೂ ಒಟ್ಟಿಗೆ ನಿಲ್ಲುವುದೆಂದರೆ ಏನರ್ಥ? ಅವಸರಮ್ಮ ಕುರ್ಚಿ ಬಿಟ್ಟು ಮೆಟ್ಟಿಲ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು.

ಬೆಳಿಗ್ಗೆ ಎಂಟಕ್ಕೆ, ಇಲ್ಲಿಗೆ ಹೊರಡುವ ಮೊದಲು, ಅವಳೇ ನಿಧಾನಪ್ಪನವರ ಲಾಗಿನ್ ಮುಚ್ಚಿದ್ದಳು. ಯಾರೂ ಹೇಳಿರಲಿಲ್ಲ. ಹೋದವರ ಲಾಗಿನ್ ತಡಮಾಡದೆ ಮುಚ್ಚಬೇಕು ಎಂಬುದು ಅವರೇ ಮಾಡಿದ ನಿಯಮ, ಅವರೇ ಗೋಡೆಗೆ ಅಂಟಿಸಿದ ಹಾಳೆ. ಅವರ ಸಲುವಾಗಿ ಅವರ ನಿಯಮವನ್ನು ಅವರು ಮೆಚ್ಚುವಂತೆ ಪಾಲಿಸೋಣ ಎಂದು ಕಣ್ಣೊರೆಸಿಕೊಂಡು ಗುಂಡಿ ಒತ್ತಿದ್ದಳು. ಈಗ ನೋಡಿದರೆ ನಾಲ್ಕೂ ಕೊಂಡಿ ನಡೆಯುತ್ತಿದ್ದದ್ದು ಆ ಲಾಗಿನ್ನಿನ ಮೇಲೆಯೇ. ಒಬ್ಬ ಮನುಷ್ಯನ ಹೆಸರಿನಲ್ಲಿ ಯಾವ ಕೊಂಡಿಯನ್ನೂ ನಡೆಸಕೂಡದು ಎಂಬುದೂ ಅದೇ ಹಾಳೆಯ ಎರಡನೆಯ ಸಾಲು. ಅದನ್ನು ಬರೆದವರೇ ಮುರಿದಿದ್ದರು. ಕೊಂಡಿ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ಕೇಳಿದಾಗ "ಅದನ್ನೊಂದು ಸರಿ ಮಾಡ್ಬೇಕು" ಎಂದು ಮಾತು ತೇಲಿಸಿದ್ದು ನೆನಪಾಯಿತು. ಆಗಲೇ ಪಟ್ಟು ಹಿಡಿದು ಕೇಳಿದ್ದರೆ! ಕೇಳಬೇಕಾದಲ್ಲಿ ಬಿಟ್ಟು, ಬಿಡಬೇಕಾದಲ್ಲಿ ಆತುರಪಟ್ಟಿದ್ದಳು ಪುಣ್ಯಾತ್ಗಿತ್ತಿ.

ಆಡಳಿತಾಧಿಕಾರಿಯ ಫೋನ್ ಬಂತು.

"ಏನಮ್ಮಾ, ಆ ಲಾಗಿನ್ ಮತ್ತೆ ತೆರೆದ್ರೆ ಎಲ್ಲ ಸರಿ ಹೋಗುತ್ತಂತಲ್ಲ. ಎಷ್ಟು ಹೊತ್ತಿನ ಕೆಲಸ?"

"ಒಂದು ನಿಮಿಷ ಸಾರ್."

"ಮತ್ತೇನು ತೊಂದ್ರೆ?"

"ತೆರೀಬೇಕಾದ್ರೆ, ಅವರು ಕೆಲಸಕ್ಕೆ ವಾಪಸ್ ಬಂದಿದ್ದಾರೆ ಅಂತ ಬರೀಬೇಕು ಸಾರ್."

"ಬರೀರಿ. ಯಾರು ನೋಡ್ತಾರೆ? ಹಾಗೇ ಬಿಟ್ಬಿಡಿ, ನಡೆಯೋಷ್ಟು ದಿನ ನಡೀಲಿ."

"ಸಾರ್, ಸಂಜೆ ತನಕ ಟೈಮ್ ಕೊಡಿ. ಬೇರೆ ದಾರಿ ಮಾಡ್ತೀನಿ. ಅಲ್ಲಿವರೆಗೆ ಪ್ರಯೋಗಾಲಯದವರು ಫೋನಲ್ಲಿ ಓದಿ ಹೇಳಲಿ."

"ಮೂರು ಗಂಟೆ. ಮೂರಾದ ಮೇಲೆ ನಾನೇ ಯಾರ ಕೈಲಾದ್ರೂ ತೆರೆಸ್ತೀನಿ," ಎಂದು ಇಟ್ಟರು. ಕೆಟ್ಟ ಮನುಷ್ಯರಲ್ಲ. ನಾಲ್ಕು ಕಡೆಯ ಡಾಕ್ಟರುಗಳ ಬೈಗುಳ ಅವರ ಕಿವಿಗೇ ಬೀಳುತ್ತಿತ್ತು.

*

ಆರು ವರ್ಷದ ಕೆಳಗೆ, ಐದೂ ಆಸ್ಪತ್ರೆಗಳ ಕಂಪ್ಯೂಟರುಗಳು ತಮ್ಮ ತಮ್ಮ ಪಾಡಿಗೆ ಇದ್ದಾಗ, ದೊಡ್ಡಾಸ್ಪತ್ರೆಯ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಒಬ್ಬ ವಯಸ್ಸಾದ ಮನುಷ್ಯ ಬಂದು ನಿಂತರು. ಕೈಯಲ್ಲಿ ಮಡಚಿದ ಕಾಗದ.

"ಇದನ್ನ ಎಲ್ಲಿ ಕೊಡ್ಬೇಕು ಸಾರ್? ಮೂರು ಕಡೆ ಕಳಿಸಿದ್ರು, ಕೊನೆಗೆ ಇಲ್ಲಿ ಕೇಳಿ ಅಂದ್ರು."

ನಿಧಾನಪ್ಪ ಕಾಗದ ಬಿಡಿಸಿ ಓದಿದರು. ಹೆರಿಗೆ ಆಸ್ಪತ್ರೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದ ಒಬ್ಬ ಹೆಂಗಸಿಗೆ ದೊಡ್ಡಾಸ್ಪತ್ರೆಯಿಂದ ಹೋದ ಪತ್ರ. ಬೆಂಕಿ ನಂದಿಸುವ ತರಬೇತಿಗೆ ನೀವು ಮೂರು ಸಲ ಗೈರುಹಾಜರಾಗಿದ್ದೀರಿ, ಏಳು ದಿನದೊಳಗೆ ಕಾರಣ ತಿಳಿಸಿ.

"ನನ್ನ ಹೆಂಡ್ತಿ. ಹೋಗಿ ಹದಿನಾಲ್ಕು ತಿಂಗಳಾಯ್ತು. ಕಾರಣ ನಾನೇ ಬರೆದ್ಕೊಟ್ರೆ ನಡಿಯುತ್ತಾ ಸಾರ್?"

ನಿಧಾನಪ್ಪ ಅವರನ್ನು ಕೂರಿಸಿ ನೀರು ಕೊಟ್ಟರು. ವಿಷಯ ಇಷ್ಟೇ: ಆ ಹೆಂಗಸು ಒಂದೊಂದು ಆಸ್ಪತ್ರೆಯ ಉಗ್ರಾಣದಲ್ಲೂ ಕೆಲವು ಕಾಲ ದುಡಿದಿದ್ದರು. ಐದೂ ಪಟ್ಟಿಯಲ್ಲಿ ಅವರ ಹೆಸರಿತ್ತು. ಹೆರಿಗೆ ಆಸ್ಪತ್ರೆಯವರು ತೆಗೆದಿದ್ದರು. ಉಳಿದ ನಾಲ್ಕು ಕಡೆ ಅವರಿನ್ನೂ ಕೆಲಸದಲ್ಲಿದ್ದರು. ನಿಧಾನಪ್ಪ ತಮ್ಮಲ್ಲಿ ಹೆಸರು ತೆಗೆದು, ತಾವೇ ಬಸ್ಸು ಹತ್ತಿ ಉಳಿದ ಮೂರು ಕಡೆಗೂ ಹೋದರು. ಮೂರು ದಿನ ಹಿಡಿಯಿತು. ಮೂರು ವಾರದ ಮೇಲೆ ಆ ಮನುಷ್ಯ ಮತ್ತೆ ಬಂದರು. ಕೈಯಲ್ಲಿ ಇನ್ನೊಂದು ಪತ್ರ. ಕೋಪವಿಲ್ಲ, ದೂರಿಲ್ಲ.

"ಇದು ಮಕ್ಕಳ ಆಸ್ಪತ್ರೆದು ಸಾರ್. ಅದೊಂದು ಉಳಿದುಹೋಗಿತ್ತು ಅನ್ಸುತ್ತೆ."

ಅಂದು ನಿಧಾನಪ್ಪ ಮನೆಯಲ್ಲಿ ಊಟಕ್ಕೆ ಏಳಲಿಲ್ಲ. ಏನಾಯ್ತು ಎಂದು ಹೆಂಡತಿ ಮೂರು ಸಲ ಕೇಳಿದ ಮೇಲೆ ಬಾಯಿಬಿಟ್ಟರು.

"ಐದು ಸಲ ಸಾಯಿಸಿದ್ವಿ ಕಣೇ ಆ ಹೆಣ್ಣುಮಗಳನ್ನ. ಪ್ರತಿ ಸಲ ಗಂಡನ್ನೇ ಕರೆಸಿ ಹೇಳಿಸಿದ್ವಿ. ಮನುಷ್ಯ ಅಂದ್ಮೇಲೆ ಒಂದೇ ಸಲ ಸಾಯ್ಬೇಕು."

ಎಲ್ಲವನ್ನೂ ಒಂದು ಮಾಡುವ ಮಾತು ಸಭೆಯಲ್ಲಿ ಬಂದಾಗ ಉಳಿದವರೆಲ್ಲ ಮೇಜು ನೋಡುತ್ತ ಕುಳಿತಿದ್ದರು. ನಿಧಾನಪ್ಪ ಕೈ ಎತ್ತಿದರು. ಯಾಕೆ ಎಂದು ಸಭೆಯಲ್ಲಿ ಹೇಳಲಿಲ್ಲ. ಅವಸರಮ್ಮ ಕೆಲಸಕ್ಕೆ ಸೇರಿದ ದಿನ ಮಾತ್ರ ಗೋಡೆಯ ಹಾಳೆಯ ಮುಂದೆ ನಿಲ್ಲಿಸಿ ಈ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ದರು.

*

ಅಡುಗೆಮನೆಯಲ್ಲಿ ನಿಧಾನಪ್ಪನವರ ಹೆಂಡತಿ ಲೋಟ ತೊಳೆಯುತ್ತಿದ್ದರು. ಬೇಡವೆಂದರೂ ಕೇಳಿರಲಿಲ್ಲ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತ ನಾದಿನಿ ಅಳುತ್ತ, ಮಾತಾಡುತ್ತ, ಎರಡನ್ನೂ ಒಟ್ಟಿಗೆ ಸಾಗಿಸಿದ್ದರು.

"ನಮ್ಮಣ್ಣ ಏನ್ ಕೆಲಸ ಮಾಡ್ತಿದ್ದ ಅಂತ ಇವತ್ತಿಗೂ ನಂಗೊತ್ತಿಲ್ಲಮ್ಮ. ಕೇಳಿದ್ರೆ 'ಜೋಡಿಸ್ತೀನಿ' ಅನ್ನೋನು. ಏನ್ ಜೋಡಿಸ್ತೀಯೋ ಅಂದ್ರೆ 'ಒಬ್ಬರ ಮುಖ ಒಬ್ಬರು ನೋಡದೇ ಇರೋರನ್ನ' ಅನ್ನೋನು. ನಾನು ಇವನು ರಜಾ ದಿನ ಮದುವೆ ದಲ್ಲಾಳಿ ಕೆಲಸಾನೂ ಮಾಡ್ತಾನೇನೋ ಅಂದ್ಕೊಂಡಿದ್ದೆ. ನನ್ನ ಮಗಳಿಗೊಂದು ನೋಡೋ ಅಂತ ಕೂಡ ಕೇಳಿದ್ದೆ!"

ಹೆಂಡತಿ ನಕ್ಕರು. ನಗು ಮುಗಿಯುವ ಮೊದಲೇ ಕಣ್ಣು ತುಂಬಿತು. ಒದ್ದೆ ಕೈಯ ಹಿಂಬದಿಯಿಂದ ಒರೆಸಿಕೊಂಡರು.

"ಅಕ್ಕಾ," ಎಂದಳು ಬಾಗಿಲಲ್ಲಿ ಬಂದು ನಿಂತಿದ್ದ ಅವಸರಮ್ಮ. "ನಾನೊಂದು ತಪ್ಪು ಮಾಡ್ಬಿಟ್ಟೆ."

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಲಾಗಿನ್ನು, ಕೊಂಡಿ, ಮೂರು ಗಂಟೆ. ಹೆಂಡತಿ ನಲ್ಲಿ ನಿಲ್ಲಿಸಿದರು.

"ಈಗ ಅವರು ಎಲ್ಲಿದ್ದಾರೆ, ಅದರಲ್ಲಿ?"

"ದೊಡ್ಡಾಸ್ಪತ್ರೆ ಪಟ್ಟಿಲಿ ಇಲ್ಲ. ಉಳಿದ ನಾಲ್ಕರಲ್ಲಿ ಇದ್ದಾರೆ. ಮುಚ್ಚಿದ ಸುದ್ದಿ ಅಲ್ಲಿಗೆ ಹೋಗೋದೂ ಅದೇ ಕೊಂಡಿ ಮೇಲೇನೇ ಅಕ್ಕಾ. ಅರ್ಧದಲ್ಲಿ ನಿಂತಿದೆ."

"ಅಯ್ಯೋ ದೇವರೇ. ಉಗ್ರಾಣದ ಆ ಹೆಂಗಸಿನ ಥರಾನೇ ಆಯ್ತಲ್ಲ."

"ಆಡಳಿತದವರು ತೆರೀರಿ ಅಂತಾರೆ. ಈಗ ತೆರೆದು, ಎಲ್ಲ ಸರಿಯಾದ್ಮೇಲೆ ಇನ್ನೊಂದು ದಿನ ಮುಚ್ಚಬಹುದು. ನಿಮ್ಮನ್ನ ಕೇಳದೆ ನಾನು ಕೈ ಹಾಕಲ್ಲ."

"ಯಾರ ಪ್ರಾಣಕ್ಕಾದ್ರೂ ತೊಂದ್ರೆ ಇದ್ಯಾ?"

"ಇಲ್ಲ. ಫೋನಲ್ಲಿ ಓದಿ ಹೇಳ್ತಿದ್ದಾರೆ. ತಡ ಆಗ್ತಿದೆ, ಬೈತಿದ್ದಾರೆ, ಅಷ್ಟೆ."

"ಬೈಲಿ ಬಿಡು. ನಾಲ್ಕು ವರ್ಷ ಇವರನ್ನೂ ಬೈದ್ರು, ಏನಾಯ್ತು?" ಲೋಟ ಬೋರಲು ಹಾಕಿದರು. ಆಮೇಲಿನ ಮಾತು ಮೆತ್ತಗೆ ಬಂತು. "ತೆರೀಬೇಡ ಮಗಾ. ಮೊನ್ನೆಯಿಂದ ಇಲ್ಲ, ಇಲ್ಲ ಅಂತ ನನಗೆ ನಾನೇ ಹೇಳ್ಕೊಂಡು ಈಗ ಸ್ವಲ್ಪ ಸ್ವಲ್ಪ ನಂಬಿಕೆ ಬರ್ತಿದೆ. ಎಲ್ಲೋ ಒಂದು ಕಡೆ, ಇದ್ದಾರೆ, ಕೆಲಸಕ್ಕೆ ಬಂದಿದ್ದಾರೆ ಅಂತ ಬರೆದಿದೆ ಅಂದ್ರೆ ನಾನು ಅದನ್ನೇ ಹಿಡ್ಕೊಂಡು ಕೂತ್ಬಿಡ್ತೀನಿ. ಆಮೇಲೆ ನೀನು ಬಂದು ಮತ್ತೆ ಮುಚ್ಚಿದೆ ಅಂದ್ರೆ ನನ್ನ ಕೈಲಿ ಆಗಲ್ಲ. ಒಂದ್ಸಲಕ್ಕೇ ಸಾಕಾಗಿದೆ."

ನಾದಿನಿ ಅಳು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ, ಆದರೂ ಅತ್ತಿಗೆಯ ಬೆನ್ನ ಮೇಲೆ ಕೈಯಿಟ್ಟರು.

"ಆಯ್ತಕ್ಕ," ಎಂದಳು ಅವಸರಮ್ಮ. ತೆರೆಯುವುದಿಲ್ಲ ಎಂದರೆ ಉಳಿದದ್ದು ಒಂದೇ ದಾರಿ. ಯಾರ ಹೆಸರೂ ಇಲ್ಲದ ಒಂದು ಸಾಮಾನ್ಯ ಲಾಗಿನ್ ಮಾಡಿ, ಅದಕ್ಕೆ ನಾಲ್ಕು ಕೋಣೆಗಳವರೂ ತಮ್ಮ ತಮ್ಮ ಕೀಲಿ ಕೊಡಬೇಕು. ಮೂರು ಗಂಟೆಯೊಳಗೆ. ನಿಧಾನಪ್ಪನವರಿಗೆ ಆ ನಾಲ್ಕು ಕೀಲಿ ಸಿಗಲು ಎರಡು ವರ್ಷ ಹಿಡಿದಿತ್ತು.

*

ಕೀಲಿ ಎಂದರೆ ಉದ್ದನೆಯ ಗುಟ್ಟಿನ ಅಕ್ಷರಗಳ ಸಾಲು. ಅದನ್ನು ಕೊಟ್ಟವರು ತಮ್ಮ ಕೋಣೆಯ ಬಾಗಿಲನ್ನೇ ತೆರೆದುಕೊಟ್ಟಂತೆ. ಅಷ್ಟು ಸುಲಭವಾಗಿ ಯಾರು ಕೊಡುತ್ತಾರೆ?

ನಿಧಾನಪ್ಪ ಕೇಳಿದ ದಿನವೇ ಹೆರಿಗೆಯವರು ಕೊಟ್ಟಿದ್ದರು. ಅಷ್ಟು ವರ್ಷದಲ್ಲಿ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಎಲ್ಲರೂ ಆಜ್ಞೆ ಕಳಿಸುವವರೇ. ಮಕ್ಕಳ ಆಸ್ಪತ್ರೆಯ ಮೇಡಂ "ಮೊದ್ಲು ನಮ್ಮ ಪ್ರಿಂಟರ್ ಸರಿ ಮಾಡ್ಕೊಡಿ, ಆಮೇಲೆ ಜಗತ್ತನ್ನ ಒಂದು ಮಾಡೋರಂತೆ" ಎಂದರು. ನಿಧಾನಪ್ಪ ತೋಳು ಮಡಚಿ ಪ್ರಿಂಟರಿನೊಳಗೆ ಕೈಹಾಕಿದರು. ಕಣ್ಣಿನವರು ತಮ್ಮ ವ್ಯವಸ್ಥೆ ಎಷ್ಟು ಶ್ರೇಷ್ಠ ಎಂದು ನಾಲ್ಕು ಮಧ್ಯಾಹ್ನ ವಿವರಿಸಿದರು. ನಿಧಾನಪ್ಪ ನಾಲ್ಕು ಮಧ್ಯಾಹ್ನವೂ ಕೇಳಿಸಿಕೊಂಡು, ನಿಜಕ್ಕೂ ಚೆನ್ನಾಗಿದ್ದ ಎರಡು ಸಂಗತಿಗಳನ್ನು ಬರೆದುಕೊಂಡು ಹೋಗಿ ಎಲ್ಲರಿಗೂ ಅಳವಡಿಸಿದರು.

ಮೂಳೆಯವರು ಮಾತ್ರ ಜಗ್ಗುವ ಆಸಾಮಿಯಲ್ಲ. ಒಂದೂವರೆ ವರ್ಷ ತಲೆ ಅಲ್ಲಾಡಿಸಿದರು. ಕೊನೆಗೊಂದು ದಿನ ಹೇಳಿದರು:

"ಹೆಸರಿಲ್ಲದ ಲಾಗಿನ್ನಿಗೆ ಕೀಲಿ ಕೊಡಲ್ಲ ನಾನು. ನಾಳೆ ನನ್ನ ಕೋಣೆಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ ಕುತ್ತಿಗೆ ಪಟ್ಟಿ ಹಿಡೀಲಿ? ನಿಮ್ಮ ಹೆಸರಲ್ಲಾದ್ರೆ ಕೊಡ್ತೀನಿ. ನೀವಾದ್ರೆ ಗೊತ್ತು."

ನಿಧಾನಪ್ಪ ಎರಡು ದಿನ ಯೋಚಿಸಿದರು. ಒಂದು ಕೊಂಡಿ ಅವರ ಹೆಸರಿನಲ್ಲಿ ನಡೆದರೆ ಉಳಿದ ಮೂರೂ ಅದೇ ಹೆಸರಿನಲ್ಲಿ ನಡೆಯಬೇಕಿತ್ತು. ಯಂತ್ರ ಹಾಗೆ ಕೇಳುತ್ತಿತ್ತು. ಸರಿ, ಸದ್ಯಕ್ಕೆ ಆಗಲಿ, ಮುಂದಿನ ತಿಂಗಳು ಬದಲಾಯಿಸೋಣ ಎಂದು ತಮ್ಮ ಹೆಸರನ್ನೇ ಹಾಕಿ, ಪಕ್ಕದಲ್ಲಿ 'ತಾತ್ಕಾಲಿಕ' ಎಂದು ಬರೆದರು. ತಾತ್ಕಾಲಿಕ ಎಂಬ ಮಾತಿಗೆ ಕಂಪ್ಯೂಟರ್ ಕೋಣೆಗಳಲ್ಲಿ ಇರುವಷ್ಟು ಆಯಸ್ಸು ಬೇರೆಲ್ಲೂ ಇಲ್ಲ.

*

ಚಿತಾಗಾರದಲ್ಲಿ ಹನ್ನೆರಡೂವರೆಗೆ ಸಮಯ ಕೊಟ್ಟಿದ್ದರು. ಮೊದಲು ಬಂದವರದು ಇನ್ನೂ ಮುಗಿದಿರಲಿಲ್ಲ, ಒಂದು ಗಂಟೆಯಾಯಿತು. ಕಬ್ಬಿಣದ ಬಾಗಿಲು ಮೇಲಕ್ಕೆದ್ದಿತು, ಇಳಿಯಿತು. ನಿಧಾನಪ್ಪನವರ ಹೆಂಡತಿ ಕೊನೆಯವರೆಗೂ ನೋಡಿದರು, ಮುಖ ತಿರುಗಿಸಲಿಲ್ಲ. ಅಲ್ಲಿನ ನೌಕರ ಬಂದು "ಎರಡು ಗಂಟೆ ಹಿಡಿಯುತ್ತೆ, ಕೂತ್ಕೊಳಿ, ಕರೀತೀನಿ" ಎಂದ.

ಕಾಯುವ ಕೋಣೆಯಲ್ಲಿ ಉದ್ದನೆಯ ಬೆಂಚುಗಳು, ಸದ್ದು ಮಾಡುವ ಫ್ಯಾನು, ಐದು ನಿಮಿಷ ಮುಂದಿದ್ದ ಗಡಿಯಾರ. ಹೆಂಡತಿಯೂ ನಾದಿನಿಯೂ ಒಂದು ಮೂಲೆಯಲ್ಲಿ ಕುಳಿತರು. ನಾಲ್ವರು ಮುಖ್ಯಸ್ಥರು ಎದುರಿನ ಬೆಂಚಿನಲ್ಲಿ ಸಾಲಾಗಿ. ಅವಸರಮ್ಮ ಅವರ ಮುಂದೆ ಲ್ಯಾಪ್‌ಟಾಪ್ ಹಿಡಿದುಕೊಂಡು ನಿಂತಳು.

"ಸಾರ್, ಮೇಡಂ, ಒಂದು ಮಾತು. ಇದು ಅದಕ್ಕೆ ಜಾಗ ಅಲ್ಲ, ಗೊತ್ತು. ನನ್ನ ಅವಸರದಿಂದ ಸಾರ್ ಹೆಸರು ಅರ್ಧ ಇದ್ದು ಅರ್ಧ ಇಲ್ಲದ ಹಾಗಾಗಿದೆ. ಮೂರು ಗಂಟೆಗೆ ಆಡಳಿತದವರು ಅದನ್ನ ಮತ್ತೆ ತೆರೀತಾರೆ. ತೆರೆದ್ರೆ ಅದು ಹಾಗೇ ಉಳಿದುಹೋಗುತ್ತೆ, ನಿಮಗೇ ಗೊತ್ತು. ಅಕ್ಕಂಗೆ ಅದು ಬೇಡ. ಸಾರ್‌ಗೂ ಬೇಡ್ವಾಗಿತ್ತು. ಸಾಮಾನ್ಯ ಲಾಗಿನ್ನಿಗೆ ನಿಮ್ಮ ಕೀಲಿ ಕೊಡ್ತೀರಾ?"

"ಈಗಲಾ? ಇಲ್ಲೇನಾ?" ಎಂದರು ಕಣ್ಣಿನವರು.

"ಹೂಂ ಸಾರ್. ಇಲ್ಲೇ."

ಹೆರಿಗೆಯವರು ಅವಳ ಕೈಯಿಂದ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೀಲಿ ಒತ್ತಿದರು. ಮೇಡಂ ಮೂಗೊರೆಸಿಕೊಂಡು "ಕೊಡಿ ಇಲ್ಲಿ" ಎಂದರು. ಕಣ್ಣಿನವರು ಇದಕ್ಕಿಂತ ಒಳ್ಳೆಯ ವಿಧಾನ ತಮ್ಮಲ್ಲಿ ಇದೆ ಎಂದು ಶುರುಮಾಡಿ, ಮೇಡಂ ದುರುಗುಟ್ಟಿ ನೋಡಿದ ಮೇಲೆ ಅದನ್ನು ನುಂಗಿಕೊಂಡು ಒತ್ತಿದರು. ಮೂರು ಕೀಲಿ ಸಿಕ್ಕಿದವು. ಎಲ್ಲರೂ ಮೂಳೆಯವರ ಕಡೆ ತಿರುಗಿದರು.

ಮೂಳೆಯವರು ಎದ್ದು ಹೊರಗೆ ಹೋದರು.

"ಶುರುವಾಯ್ತು ಇವರದ್ದು," ಎಂದರು ಕಣ್ಣಿನವರು. "ಸಾವಿನ ಮನೇಲೂ ಹಟ ಬಿಡಲ್ಲ ಮಹಾನುಭಾವ."

ಗಡಿಯಾರದಲ್ಲಿ ಎರಡೂ ಹದಿನೈದು. ಅವಸರಮ್ಮ ಹಿಂದೆಯೇ ಹೋದಳು. ಅವರು ಹೊರಗಿನ ನಲ್ಲಿಯ ಬಳಿ ಗೋಡೆಗೊರಗಿ ನಿಂತಿದ್ದರು. ಇವಳು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಮಾಡೋರು ನಂಗೆ. ಗೊತ್ತಾ ನಿಂಗೆ?"

"ಗೊತ್ತಿಲ್ಲ ಸಾರ್."

"ಮೂರು ವರ್ಷ. ಒಂದು ಸೋಮವಾರ ತಪ್ಪಿಸಿದ್ದಿಲ್ಲ. ಮಂಡಿ ನೋವು ಹೇಗಿದೆ ಅನ್ನೋರು. ಮೂಳೆ ಆಸ್ಪತ್ರೆಲಿ ಕೆಲಸ ಮಾಡಿ ಮಂಡಿ ನೋವು ಇಟ್ಕೊಂಡಿದ್ದೀರಲ್ರೀ ಅಂತ ರೇಗ್ಸೋರು. ಬೆಳಿಗ್ಗೆ ತಿಂಡಿಗೆ ಏನ್ ಮಾಡ್ಕೊಂಡ್ರಿ ಅನ್ನೋರು. ನಾನೊಬ್ಬನೇ ಇರೋದಲ್ವಾ. ಕೊನೇಲಿ, 'ಇನ್ನೊಂದ್ ವಿಷ್ಯ ಇತ್ತು, ಇರ್ಲಿ ಬಿಡಿ, ಮುಂದಿನ ವಾರ ಮಾತಾಡೋಣ' ಅನ್ನೋರು."

ಅವಸರಮ್ಮ ಸುಮ್ಮನೆ ನಿಂತಳು. ಅವಳ ಜೀವನದಲ್ಲಿ ಅದು ಸುಲಭದ ಕೆಲಸವಲ್ಲ.

"ಆ ಇನ್ನೊಂದು ವಿಷಯ ಏನು ಅಂತ ನಂಗೊತ್ತಿತ್ತು. ಸಾಮಾನ್ಯ ಲಾಗಿನ್ನಿಗೆ ಬದಲಾಯ್ಸಿ ಅಂತ ಕೇಳೋದು. ಕೇಳಿದ್ರೆ ಕೊಡದೇ ಇರ್ತಿರ್ಲಿಲ್ಲ. ನಂಬಿಕೆ ಯಾವತ್ತೋ ಬಂದಿತ್ತು ಆ ಮನುಷ್ಯನ ಮೇಲೆ." ಬಗ್ಗಿ ಮಂಡಿ ಉಜ್ಜಿಕೊಂಡರು. "ನಾನೇ ಬೇಕಂತ ಮಾತು ಬದಲಾಯಿಸ್ತಿದ್ದೆ. ಕೊಟ್ಬಿಟ್ರೆ ಕೆಲಸ ಮುಗೀತು ತಾನೆ? ಆಮೇಲೆ ಸೋಮವಾರ ಯಾಕೆ ಫೋನ್ ಮಾಡ್ತಾರೆ? ಅದಕ್ಕೇ ಎಳೀತಾ ಬಂದೆ. ಈಗ ನೋಡು, ನನ್ನಿಂದ ಅವರು ನಾಲ್ಕು ಕಡೆ ನೇತಾಡ್ತಿದ್ದಾರೆ."

"ನಿಮ್ಮಿಂದ ಅಲ್ಲ ಸಾರ್. ಗುಂಡಿ ಒತ್ತಿದ್ದು ನಾನು."

"ನೀನು ಒತ್ತಿದ್ದು ಸರಿಯಾಗೇ ಇತ್ತು," ಎಂದು ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡರು. ಕರವಸ್ತ್ರಕ್ಕೆ ಜೇಬೆಲ್ಲ ತಡಕಾಡಿ, ಸಿಗದೆ, ತೋಳಿನಿಂದ ಒರೆಸಿಕೊಂಡರು. "ನಡಿ. ಎಲ್ಲಿ ಒತ್ಬೇಕು ತೋರ್ಸು."

ಬೆಂಚಿಗೆ ಬಂದು ಕನ್ನಡಕ ಹಾಕಿಕೊಂಡು, ಹಳೆಯ ಡೈರಿಯೊಂದನ್ನು ಜೇಬಿನಿಂದ ತೆಗೆದು, ಒಂದೇ ಬೆರಳಿನಲ್ಲಿ ಅಕ್ಷರ ಅಕ್ಷರ ಹುಡುಕಿ ಒತ್ತತೊಡಗಿದರು. ಮಧ್ಯದಲ್ಲಿ ತಪ್ಪಿತು. ಮತ್ತೆ ಮೊದಲಿನಿಂದ. ಕಣ್ಣಿನವರು "ನಾನು ಒತ್ತಲಾ?" ಎಂದರು. "ನಿಮ್ಮ ಕೆಲಸ ನೋಡ್ಕೊಳ್ರೀ," ಎಂದರು ಮೂಳೆಯವರು. ಬೇರೆ ದಿನವಾಗಿದ್ದರೆ ಅವಸರಮ್ಮ ಲ್ಯಾಪ್‌ಟಾಪ್ ಕಿತ್ತುಕೊಂಡೇ ಬಿಡುತ್ತಿದ್ದಳು. ಇವತ್ತು ಕೈಕಟ್ಟಿ ನಿಂತು ಒಂದೊಂದು ಅಕ್ಷರವನ್ನೂ ನೋಡಿದಳು.

ಎರಡೂ ನಲವತ್ತಕ್ಕೆ ನಾಲ್ಕನೆಯ ಕೊಂಡಿ ಎದ್ದಿತು. ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ರಿಪೋರ್ಟುಗಳು ಹೊರಟವು. ಅವುಗಳ ಹಿಂದೆಯೇ, ಎಂಟು ಗಂಟೆಯಿಂದ ಅರ್ಧದಲ್ಲಿ ನಿಂತಿದ್ದ ಸುದ್ದಿಯೂ ಹೊರಟಿತು. ಕಣ್ಣಿನ ಆಸ್ಪತ್ರೆಯಲ್ಲಿ ನಿಧಾನಪ್ಪ ಹೋದರು. ಹೆರಿಗೆ ಆಸ್ಪತ್ರೆಯಲ್ಲಿ ಹೋದರು. ಮಕ್ಕಳ ಆಸ್ಪತ್ರೆಯಲ್ಲಿ ಹೋದರು. ಮೂಳೆ ಆಸ್ಪತ್ರೆಯಲ್ಲಿ ಒಂದು ನಿಮಿಷ ತಡವಾಗಿ ಹೋದರು. ಐವರೂ ಒಂದೇ ಪರದೆಯ ಮೇಲೆ ಬಗ್ಗಿ ನೋಡಿದರು. ಮೇಡಂ ಮೂಳೆಯವರಿಗೆ ತಮ್ಮ ಕರವಸ್ತ್ರ ಕೊಟ್ಟರು.

ಅವಸರಮ್ಮ ಆಡಳಿತಾಧಿಕಾರಿಗೆ ಫೋನ್ ಮಾಡಿ "ಆಯ್ತು ಸಾರ್, ತೆರೆಯೋದು ಬೇಡ" ಎಂದಳು. ಆಮೇಲೆ ಮೂಳೆಯವರ ಪಕ್ಕ ಕುಳಿತಳು.

"ಸೋಮವಾರ ಒಂಬತ್ತೂವರೆಗೆ ನಾನು ಫೋನ್ ಮಾಡ್ಲಾ ಸಾರ್?"

"ನೀನಾ? ಎರಡು ಮಾತಾಡಿ ಇಟ್ಬಿಡ್ತೀಯ."

"ಮೊದಲ ವಾರ ಎರಡು ಮಾತಾಡ್ತೀನಿ. ಆಮೇಲೆ ನೋಡೋಣ."

ಮೂಳೆಯವರು ಬೇಡವೆನ್ನಲಿಲ್ಲ. ಒಳಗಿನಿಂದ ನೌಕರ ಬಂದು ನಿಧಾನಪ್ಪನವರ ನಿಜವಾದ ಹೆಸರು ಕೂಗಿದ. ಅದು ಯಾರೆಂದು ಹೊಳೆಯಲು ಎಲ್ಲರಿಗೂ ಒಂದು ಗಳಿಗೆ ಬೇಕಾಯಿತು.

ಹೊರಡುವಾಗ ಅವಸರಮ್ಮ ಕಾರಿನ ಕಿಟಕಿಗೆ ಬಗ್ಗಿ ಹೇಳಿದಳು. "ಅಕ್ಕಾ, ಎಲ್ಲ ಕಡೆ ಆಯ್ತು. ಸಂಜೆ ನಿಮ್ಮ ಫೋನಿಗೆ ಒಂದು ಮೆಸೇಜ್ ಬರುತ್ತೆ. ಹೋದವರ ಮನೆಯವರಿಗೆ ತಾನಾಗೇ ಹೋಗೋದು ಅದು, ಸಾರ್ ಬರೆದಿಟ್ಟಿದ್ದು. ಒಂದೇ ಒಂದು. ಎರಡನೇದು ಏನಾದ್ರೂ ಬಂದ್ರೆ ತಕ್ಷಣ ನನಗೆ ಹೇಳಿ."

ಅವರು ಅವಳ ಕೆನ್ನೆ ಮುಟ್ಟಿದರು. "ಊಟ ಮಾಡು ಮೊದ್ಲು," ಎಂದರು.

*

ಮನೆಯಲ್ಲಿ ಕುರ್ಚಿಗಳನ್ನು ಬಾಡಿಗೆಯವರು ತೆಗೆದುಕೊಂಡು ಹೋಗಿದ್ದರು. ನಾದಿನಿ ಅತ್ತೂ ಅತ್ತೂ ಸುಸ್ತಾಗಿ ಒಳಗಿನ ಕೋಣೆಯಲ್ಲಿ ಮಲಗಿದ್ದರು. ನಿಧಾನಪ್ಪನವರ ಹೆಂಡತಿ ಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಮುಂದಿನ ಕೋಣೆಗೆ ಬಂದು ಕಿಟಕಿಯ ಪಕ್ಕ ಕುಳಿತರು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಇನ್ನೂ ಸ್ವಲ್ಪ ಬೆಳಕಿತ್ತು.

ಫೋನ್ ಒಮ್ಮೆ ಮಿನುಗಿತು. ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು.

ಮೊದಲು ಗಂಡನ ಪೂರ್ತಿ ಹೆಸರು. ಅದರ ಕೆಳಗೆ ಎರಡು ಸಾಲು: ಇವರ ಹೆಸರನ್ನು ಇಂದು ನಮ್ಮ ಐದೂ ಆಸ್ಪತ್ರೆಗಳ ಪಟ್ಟಿಯಿಂದ ತೆಗೆದಿದ್ದೇವೆ. ನೀವು ಇನ್ನು ಯಾರಿಗೂ ಹೋಗಿ ಹೇಳಬೇಕಾಗಿಲ್ಲ.

ಅವರದೇ ಮಾತು. ನಿಧಾನವಾಗಿ, ಒಂದು ಪದ ಹೆಚ್ಚಿಲ್ಲದೆ. ಎರಡು ಸಲ ಓದಿದರು. ಮೂರನೆಯ ಸಲ ಓದುವಾಗ ಪರದೆ ತಾನಾಗಿ ಆರಿತು.

ಅವರು ಫೋನನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಇನ್ನೊಂದು ಬರುತ್ತದೇನೋ ಎಂದು, ದೀಪ ಹಾಕಲು ಏಳದೆ ಅದನ್ನೇ ನೋಡುತ್ತ ಕುಳಿತರು. ಬರಲಿಲ್ಲ.